ನಿಂತು ಓದಲಾಗದ ಪೋಸ್ಟರ್

ಬೆಳಿಗ್ಗೆ ಎಂಟರ ಹೊತ್ತಿಗೆ ಬೆಂಗಳೂರಿನ ಸಂಜಯನಗರದ ಮುಖ್ಯರಸ್ತೆಯಲ್ಲಿ ನಡೆದು ಹೋದರೆ ಕೆಲಸಕ್ಕೆ ಹೊರಟ ಹೆಂಗಸರೇ ಹೆಚ್ಚಾಗಿ ಎದುರಾಗುತ್ತಾರೆ. ಭೂಪಸಂದ್ರ, ಗೆದ್ದಲಹಳ್ಳಿ, ನಾಗಶೆಟ್ಟಿಹಳ್ಳಿ ಕಡೆಯಿಂದ ಮನೆಗೆಲಸಕ್ಕೆ ಬರುವವರು, ಪೀಣ್ಯದ ಗಾರ್ಮೆಂಟ್ಸ್‌ಗೆ ಬಸ್ಸು ಹಿಡಿಯಲು ಓಡುವವರು, ನ್ಯೂ ಬಿಇಎಲ್ ರಸ್ತೆಯ ಅಂಗಡಿಗಳಿಗೂ ಆಸ್ಪತ್ರೆಗಳಿಗೂ ಡ್ಯೂಟಿಗೆ ಹೊರಟವರು. ದಾರಿಯಲ್ಲಿ ಡೆಂಗಿ ಬಗ್ಗೆ ಒಂದು ಪೋಸ್ಟರ್ ಕಂಡರೆ ಇವರಲ್ಲಿ ಯಾರಾದರೂ ಒಂದು ಕ್ಷಣ ನಿಲ್ಲುತ್ತಾರೆ, ಜೊತೆಯವಳಿಗೂ ತೋರಿಸುತ್ತಾರೆ. ಪೋಲಿಯೊ ಭಾನುವಾರದ ತಾರೀಖನ್ನು ಓದಿ ಬಾಯಿಪಾಠ ಮಾಡಿಕೊಳ್ಳುತ್ತಾರೆ. ಕೆಂಪು ರಿಬ್ಬನ್ನಿನ ಗುರುತು ಇರುವ ಎಚ್‌ಐವಿ ಪೋಸ್ಟರ್ ಮುಂದೆ ಮಾತ್ರ ಯಾವ ಹೆಂಗಸೂ ನಿಲ್ಲುವುದಿಲ್ಲ. ಕಣ್ಣು ಅತ್ತ ಹೋದರೂ ಕಾಲು ನಿಲ್ಲುವುದಿಲ್ಲ. ನಿಂತರೆ ನೋಡಿದವರು ಏನೆಂದುಕೊಂಡಾರು ಎಂಬುದು ಅವಳಿಗೆ ಗೊತ್ತು.

ಇವತ್ತಿನ ನನ್ನ ಮಾತೆಲ್ಲ ಈ ನಿಲ್ಲದ ಕಾಲಿನ ಬಗ್ಗೆ. ನಮ್ಮ ದೇಶದಲ್ಲಿ ಎಚ್‌ಐವಿ ತಡೆಗೆ ಮೂರೂವರೆ ದಶಕಗಳಿಂದ ಪೋಸ್ಟರ್‌ಗಳು ಅಚ್ಚಾಗುತ್ತಿವೆ. ಅವುಗಳ ಉದ್ದೇಶವನ್ನು ನಾನು ಅನುಮಾನಿಸುವುದಿಲ್ಲ. ಆದರೆ ಹೆಣ್ಣಿನ ಮಟ್ಟಿಗೆ ಅವುಗಳಲ್ಲಿ ಹೆಚ್ಚಿನವು ಎರಡು ಕಡೆ ಎಡವಿವೆ. ಅವಳು ಈಗಾಗಲೇ ಮಾಡುತ್ತಿರುವುದನ್ನೇ ಮಾಡು ಎಂದು ಹೇಳುತ್ತವೆ, ಇಲ್ಲವೇ ಅವಳ ಕೈಯಲ್ಲಿ ಇಲ್ಲದ್ದನ್ನು ಮಾಡು ಎಂದು ಹೇಳುತ್ತವೆ. ಅವಳೊಬ್ಬಳೇ, ಯಾರ ಅಪ್ಪಣೆಯೂ ಬೇಕಿಲ್ಲದೆ, ನಾಳೆ ಬೆಳಿಗ್ಗೆ ಮಾಡಬಹುದಾದದ್ದನ್ನು ಹೇಳಿದ ಪೋಸ್ಟರ್ ಅಪರೂಪ.

ಹೆಣ್ಣು ಈ ಪೋಸ್ಟರ್‌ಗಳೊಳಗೆ ಮೊದಲು ಹೇಗೆ ಬಂದಳು ಎಂಬುದರಿಂದ ಶುರು ಮಾಡೋಣ. ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಅಂದಿನ ಮದರಾಸಿನಲ್ಲಿ. ಮದ್ರಾಸ್ ಮೆಡಿಕಲ್ ಕಾಲೇಜಿನ ಡಾ. ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ ಅವರ ವಿದ್ಯಾರ್ಥಿನಿ ನಿರ್ಮಲಾ ರಕ್ತದ ಮಾದರಿಗಳನ್ನು ಸಂಗ್ರಹಿಸಿ ವೆಲ್ಲೂರಿಗೆ ಒಯ್ದು ಪರೀಕ್ಷೆ ಮಾಡಿಸಿದರು. ಪತ್ತೆ ಮಾಡಿದವರಿಬ್ಬರೂ ಹೆಂಗಸರು. ಸೋಂಕು ಕಂಡದ್ದು ಲೈಂಗಿಕ ವೃತ್ತಿಯಲ್ಲಿದ್ದ ಮಹಿಳೆಯರ ರಕ್ತದಲ್ಲಿ. ಆ ಇಬ್ಬರ ಧೈರ್ಯ, ಶ್ರದ್ಧೆ ಜನರ ಮನಸ್ಸಿನಲ್ಲಿ ಉಳಿಯಲಿಲ್ಲ. ಈ ರೋಗ ‘ಅಂಥ ಹೆಂಗಸರಿಂದ’ ಬರುತ್ತದೆ ಎಂಬುದಷ್ಟೇ ಉಳಿಯಿತು. ಆ ಮಹಿಳೆಯರಿಗೂ ಸೋಂಕು ಯಾರೋ ಗಂಡಸಿನಿಂದಲೇ ಬಂದಿರಬೇಕಲ್ಲವೇ ಎಂದು ಕೇಳಿದವರು ಕಡಿಮೆ.

1992ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ಅಂದರೆ ನ್ಯಾಕೋ, ಬಂತು. ನಮ್ಮಲ್ಲಿ 1997ರಲ್ಲಿ ಕರ್ನಾಟಕ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿ ಸ್ಥಾಪನೆಯಾಯಿತು. ಆ ಕಾಲದ ಗೋಡೆಗಳನ್ನು ನೆನಪಿರುವವರು ನೆನಪು ಮಾಡಿಕೊಳ್ಳಿ: ತಲೆಬುರುಡೆ, ಹೆಡೆ ಎತ್ತಿದ ಹಾವು, ಎಲುಬಿನ ಗೂಡಾದ ಮನುಷ್ಯ, ಕಪ್ಪು ಬಣ್ಣದ ಮೇಲೆ ಕೆಂಪು ಅಕ್ಷರ. ಔಷಧಿಯೇ ಇಲ್ಲ, ಬಂದರೆ ಸಾವೇ ಗತಿ ಎಂಬ ಧಾಟಿ. ಆಗ ಔಷಧಿ ಸಾಮಾನ್ಯ ಜನರ ಕೈಗೆ ಸಿಗುತ್ತಿರಲಿಲ್ಲ ಎಂಬುದೂ ನಿಜ. ಆದರೆ ಹೆದರಿಸುವ ಚಿತ್ರ ಗಂಡಸಿಗೆ ಒಂದು ಥರ, ಹೆಂಗಸಿಗೆ ಇನ್ನೊಂದು ಥರ ಕೆಲಸ ಮಾಡಿತು. ಗಂಡಸು ಅದನ್ನು ನೋಡಿ ಕೆಲವು ದಿನ ಎಚ್ಚರಿಕೆಯಿಂದ ಇದ್ದಿರಬಹುದು. ಹೆಂಗಸು ಅದನ್ನು ನೋಡಿ, ಈ ರೋಗ ಬಂದವರಿಂದ ದೂರ ಇರಬೇಕು ಎಂದು ಕಲಿತಳು. ಮುಂದೆ ಅದು ಅವಳ ಮನೆಗೇ ಬಂದಾಗ, ಆ ದೂರ ಅವಳ ಪಾಲಿಗೇ ಬಂತು. ಗಂಡ ತೀರಿಕೊಂಡ ಮೇಲೆ ಸೊಸೆಯನ್ನು ತವರಿಗೆ ಕಳಿಸಿದ ಎಷ್ಟು ಮನೆಗಳನ್ನು ಈ ನಾಡು ಕಂಡಿದೆ! ಆ ಮನೆಯವರೂ ಆ ಪೋಸ್ಟರ್ ಓದಿ ಕಲಿತವರೇ.

ಇಲ್ಲಿ ಒಂದು ವಿಷಯ ಹೇಳಬೇಕು, ಇದು ನನ್ನನ್ನು ಬಹಳ ಕಾಡುತ್ತದೆ. ಒಂದು ರಾಜ್ಯದಲ್ಲಿ ಎಚ್‌ಐವಿ ಎಷ್ಟು ಹರಡಿದೆ ಎಂದು ಸರ್ಕಾರ ವರ್ಷಗಟ್ಟಲೆ ಅಳೆದದ್ದು ಗರ್ಭಿಣಿಯರ ರಕ್ತದಿಂದ. 1998ರಿಂದ ದೇಶದಾದ್ಯಂತ ನಡೆದ ಸೆಂಟಿನಲ್ ಸಮೀಕ್ಷೆಯಲ್ಲಿ ತಪಾಸಣೆಗೆ ಬಂದ ಗರ್ಭಿಣಿಯರಿಂದ ಬೇರೆ ಪರೀಕ್ಷೆಗೆಂದು ತೆಗೆದ ರಕ್ತದಲ್ಲಿ ಉಳಿದದ್ದನ್ನು, ಹೆಸರು ಅಳಿಸಿ, ಎಚ್‌ಐವಿಗೆ ಪರೀಕ್ಷೆ ಮಾಡುತ್ತಿದ್ದರು. ಗರ್ಭಿಣಿಯರಲ್ಲಿ ಶೇ. 1ಕ್ಕಿಂತ ಹೆಚ್ಚು ಸೋಂಕು ಕಂಡ ರಾಜ್ಯಗಳನ್ನು ಹೆಚ್ಚು ಸೋಂಕಿನ ರಾಜ್ಯಗಳು ಎಂದು ಗುರುತಿಸಿದರು. ಕರ್ನಾಟಕ ಆ ಪಟ್ಟಿಯಲ್ಲಿತ್ತು. ವಿಧಾನ ವೈಜ್ಞಾನಿಕವೇ, ಆಕ್ಷೇಪ ಅದರ ಮೇಲಲ್ಲ. ಆದರೆ ನಾಡಿನ ಸೋಂಕನ್ನು ಲೆಕ್ಕ ಹಾಕಿದ್ದು ಮನೆಯೊಳಗಿನ ಹೆಣ್ಣಿನ ರಕ್ತದಿಂದ, ಎಚ್ಚರಿಕೆಯ ಪೋಸ್ಟರ್ ಅಂಟಿಸಿದ್ದು ಲಾರಿ ಸ್ಟ್ಯಾಂಡಿನಲ್ಲಿ. ಯಶವಂತಪುರದ ಎಪಿಎಂಸಿ ಯಾರ್ಡಿನ ಸುತ್ತಮುತ್ತ, ತುಮಕೂರು ರಸ್ತೆಯ ಢಾಬಾಗಳಲ್ಲಿ ಚಾಲಕರನ್ನು ಉದ್ದೇಶಿಸಿ ಮಾಡಿದ ಪ್ರಚಾರ ಅಗತ್ಯವಾಗಿಯೇ ಇತ್ತು. ಆ ಚಾಲಕ ಮನೆಗೆ ಹೋದಾಗ ಬಾಗಿಲು ತೆರೆಯುವವಳ ಜೊತೆ ಯಾರು ಮಾತಾಡಿದರು?

1997ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪುಣೆಯ ಒಂದು ಅಧ್ಯಯನ ಪ್ರಕಟವಾಯಿತು. ಗುಪ್ತರೋಗ ಚಿಕಿತ್ಸಾಲಯಗಳಿಗೆ ಬಂದ, ಲೈಂಗಿಕ ವೃತ್ತಿಯಲ್ಲಿ ಇಲ್ಲದ 391 ಮಹಿಳೆಯರನ್ನು ಪರೀಕ್ಷಿಸಿದಾಗ ಅವರಲ್ಲಿ ಶೇ. 13.6ರಷ್ಟು ಮಂದಿಗೆ ಎಚ್‌ಐವಿ ಇತ್ತು. ಇವರಲ್ಲಿ ಹೆಚ್ಚಿನವರು ಮದುವೆಯಾದವರು, ಗಂಡನೊಬ್ಬನ ಹೊರತು ಬೇರೆಯವರನ್ನು ಅರಿಯದವರು. ಅದೇ ಕಾಲಕ್ಕೆ ಜಗತ್ತಿನ ಹಲವೆಡೆ ಪೋಸ್ಟರ್‌ಗಳು ಸಾರುತ್ತಿದ್ದ ಸೂತ್ರ ಮೂರು ಮಾತಿನದು: ಮದುವೆವರೆಗೆ ಸಂಯಮ, ಮದುವೆಯಾದ ಮೇಲೆ ನಿಷ್ಠೆ, ಇಲ್ಲವಾದರೆ ಕಾಂಡೋಮ್. ಪುಣೆಯ ಆ ಹೆಂಗಸು ಮೊದಲನೆಯದನ್ನು ಪಾಲಿಸಿದ್ದಳು, ಎರಡನೆಯದನ್ನೂ ಪಾಲಿಸಿದ್ದಳು. ಮೂರನೆಯದು ಅವಳ ಕೈಯಲ್ಲಿ ಇರಲಿಲ್ಲ. ‘ಸಂಗಾತಿಗೆ ನಿಷ್ಠರಾಗಿರಿ’ ಎಂಬ ವಾಕ್ಯವನ್ನು ಅಂಥ ಹೆಂಗಸು ಓದಿದಾಗ ಅವಳಿಗೆ ಸಿಗುವ ಸಂದೇಶ ಒಂದೇ: ನಾನು ಸರಿಯಾಗಿದ್ದೇನೆ, ನನಗೆ ಭಯವಿಲ್ಲ. ರಕ್ಷಣೆ ಕೊಡಬೇಕಾದ ಮಾತು ಅವಳ ಎಚ್ಚರವನ್ನೇ ತೆಗೆಯಿತು. ಗಂಡಿನಿಂದ ಹೆಣ್ಣಿಗೆ ಈ ಸೋಂಕು ದಾಟುವ ಸಂಭವ, ಹೆಣ್ಣಿನಿಂದ ಗಂಡಿಗೆ ದಾಟುವುದಕ್ಕಿಂತ ಹೆಚ್ಚು. ಇದು ದೇಹರಚನೆಯ ಸಂಗತಿ. ಇದನ್ನು ಸ್ಪಷ್ಟವಾಗಿ ಹೇಳಿದ ಕನ್ನಡ ಪೋಸ್ಟರನ್ನು ನಾನು ನಮ್ಮ ಬೀದಿಗಳಲ್ಲಿ ಕಂಡಿಲ್ಲ.

ನಮ್ಮ ಕಡೆ ಮನೆಗೆಲಸ ಮಾಡುವ ಹೆಣ್ಣುಮಗಳೊಬ್ಬರನ್ನು ನಾನೊಮ್ಮೆ ಕೇಳಿದೆ. ಅವರು ದಿನವೂ ಹಾದು ಹೋಗುವ ದಾರಿಯಲ್ಲೇ ಅಂಥದೊಂದು ಬೋರ್ಡ್ ಇತ್ತು. “ಅದರಲ್ಲಿ ಏನು ಬರೆದಿದೆ, ಓದಿದ್ದೀಯೇನಮ್ಮ?” ಎಂದೆ. ಏಳನೇ ಕ್ಲಾಸಿನವರೆಗೆ ಓದಿದವರು, ಬಸ್ಸಿನ ಬೋರ್ಡು, ಗ್ಯಾಸ್ ಬಿಲ್ಲು ಎಲ್ಲ ಸಲೀಸಾಗಿ ಓದುತ್ತಾರೆ. “ಅದಾ ಅಮ್ಮ? ಅದು ಗಂಡಸ್ರಿಗೆ ಹಾಕಿರೋದಲ್ವಾ?” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಪಾತ್ರೆ ತೊಳೆಯುತ್ತಲೇ ಹೇಳಿದರು: “ನಮ್ಮನೆಯೋರು ಪೇಂಟಿಂಗ್ ಕೆಲಸಕ್ಕೆ ಅಂತ ಹದಿನೈದು ದಿನ, ತಿಂಗಳು ಹೊರಗಡೆ ಹೋಗ್ತಾರೆ. ಬಂದ್ಮೇಲೆ ನಾನು ಏನಂತ ಕೇಳ್ಲಿ? ಕೇಳಿದ್ರೆ ನಿಂಗ್ಯಾಕೆ ಡೌಟು, ನೀನೇನಾದ್ರೂ ಮಾಡ್ದಾ ಅಂತಾರೆ.” ಇಷ್ಟು ಹೇಳಿ ಬೇರೆ ಮಾತಿಗೆ ಹೋದರು. ಆ ಬೋರ್ಡಿನಲ್ಲಿ ಬರೆದಿದ್ದದ್ದೆಲ್ಲ ಸರಿಯಾದ ವಿಷಯವೇ. ಆದರೆ ಅವರ ಈ ಪ್ರಶ್ನೆಗೆ ಅದರಲ್ಲಿ ಒಂದು ಅಕ್ಷರವೂ ಉತ್ತರವಿರಲಿಲ್ಲ.

ಕಾಂಡೋಮ್ ಕೇಳುವುದು ಮನೆಯೊಳಗೆ ಇಷ್ಟು ಕಷ್ಟವಾಗಿರುವುದಕ್ಕೆ ನಾಚಿಕೆ ಒಂದೇ ಕಾರಣವಲ್ಲ. ಇದೇ ಗೋಡೆಗಳ ಮೇಲೆ ಏಡ್ಸ್‌ಗಿಂತ ಮೊದಲು ಬರೆದ ಇನ್ನೊಂದು ಪಾಠವಿದೆ. 1960ರ ದಶಕದಲ್ಲಿ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಬಂತು. ಆರತಿಗೊಂದು, ಕೀರ್ತಿಗೊಂದು ಸಾಕು ಎಂಬ ಮಾತು ಹಳ್ಳಿಹಳ್ಳಿಯ ಶಾಲೆಗೋಡೆ, ಪಂಚಾಯ್ತಿ ಕಟ್ಟೆಯ ಮೇಲೆ ಬಂತು. 1968ರಲ್ಲಿ ನಿರೋಧ್ ಕಾಂಡೋಮ್ ಕಡಿಮೆ ಬೆಲೆಗೆ ಅಂಗಡಿಗಳಿಗೆ ಬಂತು. ಅದನ್ನು ಪರಿಚಯಿಸಿದ್ದು ಮಕ್ಕಳಾಗದಂತೆ ತಡೆಯುವ ಸಾಧನವೆಂದು, ರೋಗ ತಡೆಯುವುದಕ್ಕೆಂದು ಅಲ್ಲ. ಕುಟುಂಬ ಯೋಜನೆಯ ಭಾರವೆಲ್ಲ ಕೊನೆಗೆ ಬಿದ್ದದ್ದು ಹೆಣ್ಣಿನ ಮೇಲೆ. ಕರ್ನಾಟಕದಲ್ಲಿ ಹದಿನೈದರಿಂದ ನಲವತ್ತೊಂಬತ್ತರೊಳಗಿನ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಎಷ್ಟೋ ಜನಕ್ಕೆ ಎರಡನೇ ಹೆರಿಗೆಯ ಬೆನ್ನಿಗೇ, ಇಪ್ಪತ್ತೈದರ ಆಸುಪಾಸಿನಲ್ಲೇ, ಆಪರೇಷನ್ ಆಗಿರುತ್ತದೆ.

ಈಗ ಆ ಹೆಂಗಸಿನ ಸ್ಥಾನದಲ್ಲಿ ನಿಂತು ಯೋಚಿಸಿ. ಆಪರೇಷನ್ ಆದ ಮೇಲೆ ಕಾಂಡೋಮ್ ಬೇಕು ಎಂದು ಅವಳು ಕೇಳಿದರೆ ಅದಕ್ಕೆ ಮಕ್ಕಳ ಕಾರಣ ಉಳಿದಿಲ್ಲ. ಉಳಿದಿರುವುದು ಒಂದೇ ಕಾರಣ, ಅದು ಅನುಮಾನ. ಗಂಡನ ಮೇಲೆ ಅವಳ ಅನುಮಾನ, ಇಲ್ಲವೇ ತನ್ನ ಮೇಲೆ ತಾನೇ ತಂದುಕೊಂಡ ಅನುಮಾನ. ಮೊದಲ ಗೋಡೆಬರಹ ಅವಳಿಂದ ಒಂದು ನೆಪವನ್ನು ಕಿತ್ತುಕೊಂಡಿತು, ಎರಡನೆಯ ಗೋಡೆಬರಹ ಆ ನೆಪವಿಲ್ಲದೆಯೇ ಕೇಳು ಎನ್ನುತ್ತದೆ. ಏಡ್ಸ್ ಪೋಸ್ಟರ್ ಬರೆಯುವವರು ಈ ಗಂಟನ್ನು ಗಮನಿಸಿದ್ದರೆ, ‘ಕಾಂಡೋಮ್ ಬಳಸಿ’ ಎಂಬ ಎರಡೇ ಪದದಲ್ಲಿ ಮಾತು ಮುಗಿಸುತ್ತಿರಲಿಲ್ಲ. ‘ಆಪರೇಷನ್ ಆಗಿದ್ದರೂ ಗರ್ಭಕೋಶದ ಸೋಂಕು ತಡೆಯಲು ಕಾಂಡೋಮ್ ಬೇಕು ಎಂದು ಡಾಕ್ಟರು ಹೇಳಿದ್ದಾರೆ’: ಹೀಗೊಂದು ವಾಕ್ಯವನ್ನು ಪೋಸ್ಟರ್ ಅವಳ ಬಾಯಿಗೆ ಕೊಡಬಹುದಿತ್ತು. ಅದು ಸುಳ್ಳೂ ಅಲ್ಲ. ಬಿಳಿಸೆರಗು, ಕೆಳಹೊಟ್ಟೆ ನೋವು ಎಂದು ಆಸ್ಪತ್ರೆಗೆ ಬರುವ ಎಷ್ಟೋ ಹೆಂಗಸರ ತೊಂದರೆಗೆ ಲೈಂಗಿಕವಾಗಿ ಹರಡುವ ಸೋಂಕುಗಳೇ ಕಾರಣ. ಅಂಥ ಸೋಂಕಿದ್ದರೆ ಎಚ್‌ಐವಿ ದೇಹ ಹೊಗುವುದೂ ಸುಲಭ.

ಹೆಣ್ಣಿಗೆ ನಿಜವಾಗಿ ತಲುಪಿದ ಒಂದು ಪೋಸ್ಟರ್ ಇದೆ. ಅದು ಇರುವುದು ಬೀದಿಯಲ್ಲಲ್ಲ, ಸರ್ಕಾರಿ ಆಸ್ಪತ್ರೆಯ ಗರ್ಭಿಣಿಯರ ತಪಾಸಣೆ ಕೊಠಡಿಯ ಹೊರಗೆ. ಅದನ್ನು ಹತ್ತಿರದಿಂದ ನೋಡೋಣ. ತಿಳಿ ಹಳದಿ ಇಲ್ಲವೇ ಗುಲಾಬಿ ಹಿನ್ನೆಲೆ. ಸೀರೆ ಉಟ್ಟು ಕೈತುಂಬ ಬಳೆ ತೊಟ್ಟ ಗರ್ಭಿಣಿ, ಅವಳ ಹೆಗಲ ಹಿಂದೆ ಗಂಡ, ಬಿಳಿ ಕೋಟಿನ ಡಾಕ್ಟರಮ್ಮ. ಗರ್ಭಿಣಿಯರೆಲ್ಲರೂ ಎಚ್‌ಐವಿ ಪರೀಕ್ಷೆ ಮಾಡಿಸಿಕೊಳ್ಳಿ, ಪರೀಕ್ಷೆ ಉಚಿತ, ಫಲಿತಾಂಶ ಗುಟ್ಟಾಗಿರುತ್ತದೆ, ಮಗುವನ್ನು ಸೋಂಕಿನಿಂದ ಕಾಪಾಡಬಹುದು ಎಂಬ ಒಕ್ಕಣೆ. ಕೆಳಗೆ ಇಲಾಖೆಯ ಲಾಂಛನ. ಇದರ ಮುಂದೆ ಹೆಂಗಸರು ನಿಲ್ಲುತ್ತಾರೆ. ಕೈಯಲ್ಲಿ ತಾಯಿ ಕಾರ್ಡ್ ಹಿಡಿದು ಸರದಿಗೆ ಕಾಯುತ್ತ, ಅರ್ಧ ಗಂಟೆ ಇದರ ಎದುರೇ ಕೂತಿರುತ್ತಾರೆ. ಇಲ್ಲಿ ನಿಂತದ್ದಕ್ಕೆ ಯಾರೂ ತಪ್ಪು ತಿಳಿಯುವುದಿಲ್ಲ. ಮಾಡಬೇಕಾದ ಕೆಲಸವೂ ಆ ಬಾಗಿಲಿನ ಒಳಗೇ ಇದೆ. ‘ಎಲ್ಲರೂ’ ಮಾಡಿಸಿಕೊಳ್ಳುತ್ತಾರೆ ಎಂದ ಮೇಲೆ ಅನುಮಾನದ ಪ್ರಶ್ನೆಯೂ ಇಲ್ಲ. ಪೋಸ್ಟರ್ ಹೇಗಿರಬೇಕು ಎಂಬ ಪಾಠವೆಲ್ಲ ಇದೊಂದರಲ್ಲೇ ಇದೆ.

ಫಲವೂ ದೊಡ್ಡದು. ಏನೂ ಮಾಡದೆ ಬಿಟ್ಟರೆ ಸೋಂಕಿರುವ ತಾಯಿಯಿಂದ ಮಗುವಿಗೆ ಎಚ್‌ಐವಿ ದಾಟುವ ಸಂಭವ ಶೇ. 15ರಿಂದ 45. ಸಕಾಲಕ್ಕೆ ಔಷಧಿ ಕೊಟ್ಟರೆ ಅದನ್ನು ಶೇ. 5ಕ್ಕಿಂತ ಕೆಳಗೆ ಇಳಿಸಬಹುದು. ಮೊದಲು ಹೆರಿಗೆ ವೇಳೆ ತಾಯಿಗೊಂದು ಮಾತ್ರೆ, ಹುಟ್ಟಿದ ಮಗುವಿಗೆ ಒಂದು ಬಾರಿ ಔಷಧಿ ಎಂದಿತ್ತು. 2014ರಿಂದ ದೇಶದಾದ್ಯಂತ ಸೋಂಕಿರುವ ಪ್ರತಿ ಗರ್ಭಿಣಿಗೂ ಜೀವನಪೂರ್ತಿ ಎಆರ್‌ಟಿ, ಅಂದರೆ ವೈರಾಣುವನ್ನು ಹತ್ತಿಕ್ಕುವ ಔಷಧಿಗಳ ಚಿಕಿತ್ಸೆ ಕೊಡುವ ಪದ್ಧತಿ ಬಂತು. ಈ ಬದಲಾವಣೆಯನ್ನು ನಾನು ದೊಡ್ಡದೆಂದು ಎಣಿಸುತ್ತೇನೆ. ಒಂದೇ ಮಾತ್ರೆ ಕೊಟ್ಟ ಕಾಲದಲ್ಲಿ ಕಾಪಾಡಿದ್ದು ಮಗುವನ್ನು. ಜೀವನಪೂರ್ತಿ ಚಿಕಿತ್ಸೆ ತಾಯಿಯನ್ನೂ ಕಾಪಾಡುತ್ತದೆ. ಪೋಸ್ಟರಿನ ಒಕ್ಕಣೆ ಮಾತ್ರ ಇನ್ನೂ ಮಗುವಿನ ಹತ್ತಿರವೇ ನಿಂತಿದೆ. ‘ನಿಮ್ಮ ಮಗುವಿಗಾಗಿ’ ಎನ್ನುತ್ತದೆ. ನಿಮಗಾಗಿ ಎನ್ನುವುದಿಲ್ಲ. ಹೆರಿಗೆ ಮುಗಿದವಳು, ಮದುವೆಯಾಗದವಳು, ಗಂಡನನ್ನು ಕಳೆದುಕೊಂಡವಳು, ಮಕ್ಕಳಾಗದವಳು ಆ ಚಿತ್ರದೊಳಗೆ ಎಲ್ಲೂ ಇಲ್ಲ. ಐವತ್ತು ದಾಟಿದ ಹೆಂಗಸನ್ನು ಎಚ್‌ಐವಿ ಪೋಸ್ಟರಿನಲ್ಲಿ ನೀವು ಎಂದಾದರೂ ನೋಡಿದ್ದೀರಾ?

ಕರ್ನಾಟಕದಲ್ಲೇ ಇದಕ್ಕಿಂತ ಒಳ್ಳೆಯ ಉದಾಹರಣೆ ಇದೆ, ಅದು ನಾವು ನಿರೀಕ್ಷಿಸದ ಕಡೆಯಿಂದ ಬಂದದ್ದು. 2003ರಲ್ಲಿ ಗೇಟ್ಸ್ ಪ್ರತಿಷ್ಠಾನದ ನೆರವಿನ ‘ಆವಾಹನ್’ ಯೋಜನೆ ಶುರುವಾಯಿತು. ಅದೇ ವರ್ಷ ಹುಟ್ಟಿದ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್, ಮೈಸೂರಿನಲ್ಲಿ ಲೈಂಗಿಕ ವೃತ್ತಿಯಲ್ಲಿರುವ ಮಹಿಳೆಯರೇ ಕಟ್ಟಿ ಬೆಳೆಸಿದ ಆಶೋದಯ ಸಮಿತಿ, ಹೀಗೆ ಹಲವು ಸಂಘಟನೆಗಳು ಕೆಲಸ ಮಾಡಿದವು. ತಮ್ಮ ಜೊತೆಯವರಿಗೆ ತಿಳಿಹೇಳುವ ಅಲ್ಲಿನ ಪೀರ್ ಎಜುಕೇಟರ್‌ಗಳಲ್ಲಿ ಎಷ್ಟೋ ಜನಕ್ಕೆ ಓದು ಬರುತ್ತಿರಲಿಲ್ಲ. ಹಾಗಾಗಿ ಆವಾಹನ್ ಯೋಜನೆಯಲ್ಲಿ ಅಕ್ಷರವಿಲ್ಲದ, ಬರೀ ಚಿತ್ರಗಳ ಕಾರ್ಡುಗಳು, ದಿನಚರಿಗಳು ತಯಾರಾದವು. ಯಾರನ್ನು ಭೇಟಿಯಾದೆ, ಎಷ್ಟು ಕಾಂಡೋಮ್ ಕೊಟ್ಟೆ, ಯಾರು ತಪಾಸಣೆಗೆ ಬಂದರು, ಯಾರಿಗೆ ಹೊಡೆತ ಬಿತ್ತು ಎಂಬುದನ್ನೆಲ್ಲ ಆ ಹೆಂಗಸರು ಚಿತ್ರದ ಮೇಲೆ ಗುರುತು ಹಾಕಿ ದಾಖಲಿಸಿದರು. ಒಪ್ಪದ ಗಿರಾಕಿಗೆ ಏನು ಹೇಳಬೇಕು, ಕುಡಿದು ಬಂದವನನ್ನು ಹೇಗೆ ನಿಭಾಯಿಸಬೇಕು, ಪೊಲೀಸರು ಹಿಡಿದರೆ ಯಾರಿಗೆ ಫೋನ್ ಮಾಡಬೇಕು ಎಂಬುದೆಲ್ಲ ಆ ಪಾಠದೊಳಗೆ ಇತ್ತು. ಅಂದರೆ ಅವಳು ದಿನವೂ ಎದುರಿಸುವ ಗಂಡಸನ್ನು ಲೆಕ್ಕಕ್ಕೆ ತೆಗೆದುಕೊಂಡು ಮಾಡಿದ ಪಾಠ ಅದು.

ಮರ್ಯಾದಸ್ಥ ಮನೆಯ ಗೃಹಿಣಿಗೆ ಇಂಥ ಪಾಠ ಯಾರೂ ಮಾಡಲಿಲ್ಲ. ಸಮಾಜ ಯಾರನ್ನು ರೋಗದ ಮೂಲ ಎಂದು ದೂರಿತೋ ಆ ಹೆಂಗಸು ಇವತ್ತು ತನ್ನ ರಕ್ಷಣೆಯ ಬಗ್ಗೆ ಹೆಚ್ಚು ಬಲ್ಲಳು, ಹೆಚ್ಚು ಧೈರ್ಯವಾಗಿ ಮಾತಾಡಬಲ್ಲಳು. ಅವಳಿಂದ ಉಳಿದವರು ಕಲಿಯುವುದು ಬಹಳವಿದೆ. ಪೋಸ್ಟರ್ ಬರೆಯುವ ಸಮಿತಿಗಳಲ್ಲಿ ಅವಳಂಥವರನ್ನು ಕೂರಿಸಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಬೇರೆ ಕಡೆಯ ಪ್ರಯತ್ನಗಳನ್ನೂ ಸ್ವಲ್ಪ ನೋಡಬಹುದು. 2003ರಲ್ಲಿ ಆಂಧ್ರದಲ್ಲಿ ‘ಪುಲಿ ರಾಜಾ’ ಎಂಬ ಕಾಲ್ಪನಿಕ ಗಂಡಸಿನ ಹೆಸರು ಹಿಡಿದು, ಅವನಿಗೆ ಏಡ್ಸ್ ಬರುತ್ತದೆಯೇ ಎಂದು ಕೇಳುವ ದೊಡ್ಡ ದೊಡ್ಡ ಫಲಕಗಳು ಎದ್ದವು. ಮಾತು ಮನೆಮಾತಾಯಿತು, ಆದರೆ ಅದು ಗಂಡಸರ ನಡುವಿನ ಮಾತು. ಮರುವರ್ಷ ಪಶ್ಚಿಮ ಬಂಗಾಳದಲ್ಲಿ ‘ಬುಲಾ ದಿ’ ಬಂದಳು. ಸೀರೆ ಉಟ್ಟ, ಬೊಂಬೆಯಂಥ ಮುಖದ, ಪಕ್ಕದ ಮನೆಯ ಅಕ್ಕನಂಥವಳು. ಕಾಂಡೋಮ್ ಬಗ್ಗೆ, ಗಂಡನ ಜೊತೆ ಮಾತಾಡುವ ಬಗ್ಗೆ ಅವಳು ನೇರವಾಗಿ, ಸಂಕೋಚವಿಲ್ಲದೆ ಹೇಳಿದಳು. ಹೇಳುತ್ತಿರುವವಳು ನಮ್ಮಂಥ ಗೃಹಿಣಿ ಎಂದಾಗ ಕೇಳುವವಳ ಹೆದರಿಕೆ ಅರ್ಧ ಇಳಿಯುತ್ತದೆ. ಅಷ್ಟು ಗುರುತಾಗಿ ಉಳಿದ ಒಬ್ಬ ಅಕ್ಕ ನಮ್ಮ ಗೋಡೆಗಳ ಮೇಲೆ ಬರಲಿಲ್ಲ. ಇನ್ನೂ ಹಿಂದೆ, 1991ರಲ್ಲಿ, ನ್ಯೂಯಾರ್ಕಿನ ಬಸ್ ತಂಗುದಾಣಗಳಲ್ಲಿ ಗ್ರ್ಯಾನ್ ಫ್ಯೂರಿ ಎಂಬ ಕಲಾವಿದರ ಗುಂಪು ಒಂದು ಪೋಸ್ಟರ್ ಅಂಟಿಸಿತು. ಹೆಂಗಸರು ಏಡ್ಸ್‌ನಿಂದ ಸಾಯುತ್ತಿದ್ದರೂ ಅವರಿಗೆ ಏಡ್ಸ್ ಇದೆ ಎಂದು ಸರ್ಕಾರದ ಲೆಕ್ಕ ಒಪ್ಪುತ್ತಿಲ್ಲ ಎಂಬುದು ಅದರ ಆರೋಪ. ಏಡ್ಸ್ ಎಂದು ಗುರುತಿಸಲು ಇದ್ದ ಪಟ್ಟಿಯಲ್ಲಿ ಹೆಂಗಸರಿಗೇ ಬರುವ ಕಾಯಿಲೆಗಳು ಇರಲಿಲ್ಲ, ಹಾಗಾಗಿ ಸೌಲಭ್ಯಗಳೂ ಸಿಗುತ್ತಿರಲಿಲ್ಲ. 1993ರಲ್ಲಿ ಗರ್ಭಕಂಠದ ಕ್ಯಾನ್ಸರನ್ನು ಆ ಪಟ್ಟಿಗೆ ಸೇರಿಸಿದರು. ಪೋಸ್ಟರ್ ಹೆಣ್ಣಿಗೆ ಉಪದೇಶ ಮಾಡಬೇಕೆಂದೇ ಇಲ್ಲ, ಅವಳ ಪರವಾಗಿ ಇನ್ನೊಬ್ಬರನ್ನು ಕೇಳಲೂಬಹುದು.

ಇವತ್ತು ನಮ್ಮ ಹೆಂಗಸರಿಗೆ ಹೇಳಬೇಕಾದ ವಿಷಯ ಎಷ್ಟೊಂದಿದೆ! 2004ರ ಏಪ್ರಿಲ್ 1ರಿಂದ ಕರ್ನಾಟಕವೂ ಸೇರಿದಂತೆ ಹೆಚ್ಚು ಸೋಂಕಿದ್ದ ರಾಜ್ಯಗಳಲ್ಲಿ ಎಆರ್‌ಟಿ ಉಚಿತವಾಗಿ ಸಿಗಲು ಶುರುವಾಯಿತು. 2017ರಿಂದ ಸೋಂಕು ಪತ್ತೆಯಾದ ಎಲ್ಲರಿಗೂ ತಡಮಾಡದೆ ಚಿಕಿತ್ಸೆ. ಮಾತ್ರೆ ತಪ್ಪದೆ ತೆಗೆದುಕೊಂಡು ರಕ್ತದಲ್ಲಿ ವೈರಾಣು ಪತ್ತೆಯಾಗದಷ್ಟು ಇಳಿದು ಹಾಗೇ ಉಳಿದರೆ, ಆ ವ್ಯಕ್ತಿಯಿಂದ ಸಂಗಾತಿಗೆ ಲೈಂಗಿಕವಾಗಿ ಸೋಂಕು ದಾಟುವುದಿಲ್ಲ. ತಲೆಬುರುಡೆಯ ಕಾಲ ಮುಗಿದಿದೆ, ಆದರೆ ಜನರ ತಲೆಯೊಳಗೆ ಆ ಚಿತ್ರ ಹಾಗೇ ಇದೆ. ಅತ್ಯಾಚಾರಕ್ಕೆ ಒಳಗಾದ ಹೆಣ್ಣಿಗೆ 72 ಗಂಟೆಗಳ ಒಳಗೆ, ಆದಷ್ಟು ಬೇಗ, ಎಚ್‌ಐವಿ ತಡೆಯುವ ಮಾತ್ರೆ ಶುರು ಮಾಡಬೇಕು, ಅದು 28 ದಿನದ ಚಿಕಿತ್ಸೆ. ಈ 72 ಗಂಟೆಯ ಲೆಕ್ಕ ಎಷ್ಟು ಹೆಣ್ಣುಮಕ್ಕಳಿಗೆ, ಎಷ್ಟು ತಾಯಂದಿರಿಗೆ ಗೊತ್ತು? ಇದು ಪ್ರತಿ ಪೊಲೀಸ್ ಠಾಣೆಯ, ಪ್ರತಿ ಹಾಸ್ಟೆಲಿನ ಗೋಡೆಯ ಮೇಲೆ ಇರಬೇಕಾದ ಅಂಕಿ.

ಇನ್ನು ಕಾನೂನು. ಎಚ್‌ಐವಿ ಮತ್ತು ಏಡ್ಸ್ ತಡೆ ಹಾಗೂ ನಿಯಂತ್ರಣ ಕಾಯ್ದೆ 2017ರಲ್ಲಿ ಬಂದು 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಒಪ್ಪಿಗೆ ಪಡೆಯದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಬಯಲು ಮಾಡುವಂತಿಲ್ಲ, ಸೋಂಕಿದೆ ಎಂದು ಕೆಲಸ, ಬಾಡಿಗೆ ಮನೆ, ಚಿಕಿತ್ಸೆ ನಿರಾಕರಿಸುವಂತಿಲ್ಲ. ಇದರಲ್ಲಿ ಹೆಣ್ಣಿಗೆ ತೀರ ಮುಖ್ಯವಾದ ಒಂದು ಮಾತಿದೆ. ಸೋಂಕಿನ ವಿಷಯವನ್ನು ವೈದ್ಯರು, ಆಪ್ತ ಸಮಾಲೋಚಕರು ಕೆಲವು ಷರತ್ತುಗಳ ಮೇಲೆ ಸಂಗಾತಿಗೆ ತಿಳಿಸಬಹುದು. ಆದರೆ ಹಾಗೆ ತಿಳಿಸಿದರೆ ಆ ಹೆಣ್ಣಿಗೆ ಹೊಡೆತ ಬೀಳಬಹುದು, ಅವಳನ್ನು ಮನೆಯಿಂದ ಹೊರಹಾಕಬಹುದು ಎಂಬ ಭಯಕ್ಕೆ ಕಾರಣವಿದ್ದರೆ ತಿಳಿಸಬಾರದು. ಪರೀಕ್ಷೆ ಮಾಡಿಸಿಕೊಂಡರೆ ಮನೆಯವರಿಗೆ ಗೊತ್ತಾಗಿಬಿಡುತ್ತದೆ ಎಂದು ಹಿಂಜರಿಯುವ ಹೆಂಗಸಿಗೆ ಇದಕ್ಕಿಂತ ದೊಡ್ಡ ಭರವಸೆ ಬೇರೆ ಇಲ್ಲ. ಸಂಸತ್ತು ಯೋಚಿಸಿ ಬರೆದ ಈ ಮಾತು ಗೋಡೆಗೆ ಇನ್ನೂ ಇಳಿದಿಲ್ಲ.

ಎಲ್ಲಿ ಅಂಟಿಸಬೇಕು ಎಂಬುದು ಏನು ಬರೆಯಬೇಕು ಎಂಬಷ್ಟೇ ಮುಖ್ಯ. ಹೆಣ್ಣು ಒಬ್ಬಳೇ ಇರುವ ಜಾಗ ಊರಲ್ಲಿ ಎಷ್ಟಿದೆ? ಗಾರ್ಮೆಂಟ್ಸ್ ಕಾರ್ಖಾನೆಯ ಶೌಚಾಲಯದ ಬಾಗಿಲಿನ ಒಳಬದಿ. ಬಸ್ ನಿಲ್ದಾಣದ ಮಹಿಳೆಯರ ಶೌಚಾಲಯ. ಟೈಲರ್ ಅಂಗಡಿಯ ಅಳತೆ ಕೋಣೆ, ಬ್ಯೂಟಿ ಪಾರ್ಲರ್. ಸ್ಕ್ಯಾನಿಂಗ್ ಸೆಂಟರಿನಲ್ಲಿ ಬಟ್ಟೆ ಬದಲಿಸುವ ಕೋಣೆ. ಅಲ್ಲಿ ಎರಡು ನಿಮಿಷ ಬಾಗಿಲು ಹಾಕಿಕೊಂಡಿರುತ್ತಾಳೆ, ಎದುರಿಗಿರುವುದನ್ನು ಓದುತ್ತಾಳೆ, ಓದಿದ್ದು ಯಾರಿಗೂ ಗೊತ್ತಾಗುವುದಿಲ್ಲ. ಹೆಬ್ಬಾಳದ ಮೇಲ್ಸೇತುವೆ ಹತ್ತಿರ ನಿಲ್ಲಿಸಿದ ದೊಡ್ಡ ಫಲಕಕ್ಕಿಂತ ಇಂಥ ಒಂದು ಬಾಗಿಲಿನ ಹಾಳೆ ಅವಳಿಗೆ ಹೆಚ್ಚು ಹತ್ತಿರ.

ಈಗ ಪೋಸ್ಟರಿನ ಮೂಲೆಯಲ್ಲಿ ಕ್ಯೂಆರ್ ಕೋಡ್ ಬರುತ್ತಿದೆ. ಓದಿದ ಹುಡುಗಿಯರಿಗೆ ಅನುಕೂಲವೇ. ಆದರೆ ಎಷ್ಟೋ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಗಂಡನದು ಅಥವಾ ಮಗನದು, ಅದರಲ್ಲಿ ಹುಡುಕಿದ್ದೆಲ್ಲ ಉಳಿಯುತ್ತದೆ ಎಂಬ ಹೆದರಿಕೆ ಅವಳಿಗಿದೆ. 1097 ಎಂಬ ನಾಲ್ಕಂಕಿಯ ಸಹಾಯವಾಣಿ ಇದಕ್ಕಿಂತ ಮೇಲು, ಅದಕ್ಕೆ ಶುಲ್ಕವಿಲ್ಲ, ಅಂಗಡಿಯ ಫೋನಿನಿಂದಲೂ ಮಾಡಬಹುದು.

ತಿಳಿವಳಿಕೆ ಎಷ್ಟಾಗಿದೆ ಎಂದು ಕೇಳಿದರೆ ಉತ್ತರ ಸಮಾಧಾನ ಕೊಡುವಂಥದಲ್ಲ. ನಾನು ಆಗ ಹೇಳಿದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಎಚ್‌ಐವಿ ಹೇಗೆ ಬರುತ್ತದೆ, ಹೇಗೆ ಬರುವುದಿಲ್ಲ ಎಂಬುದನ್ನು ಪೂರ್ತಿಯಾಗಿ ತಿಳಿದವರು ದೇಶದ ಗಂಡಸರಲ್ಲಿ ಶೇ. 30.7, ಹೆಂಗಸರಲ್ಲಿ ಶೇ. 21.6. ದೇಶದಲ್ಲಿ ಎಚ್‌ಐವಿಯೊಂದಿಗೆ ಬದುಕುತ್ತಿರುವವರಲ್ಲಿ ಶೇ. 40ಕ್ಕೂ ಹೆಚ್ಚು ಹೆಂಗಸರು. ಕರ್ನಾಟಕದಲ್ಲಿ ಒಟ್ಟು ಎರಡೂವರೆ ಲಕ್ಷಕ್ಕೂ ಹೆಚ್ಚು ಜನ ಸೋಂಕಿನೊಂದಿಗೆ ಬದುಕುತ್ತಿದ್ದಾರೆ ಎಂಬುದು ನ್ಯಾಕೋ ಅಂದಾಜು.

ನೇರವಾಗಿ ಹೇಳುವುದು ಹೇಗೆ ಎಂಬುದಕ್ಕೆ ಇನ್ನೊಂದು ರೋಗದ ಪೋಸ್ಟರನ್ನು ನೋಡಬಹುದು. ಬಳ್ಳಾರಿ ರಸ್ತೆಯಲ್ಲಿ, ಸಂಜಯನಗರಕ್ಕೆ ಹತ್ತಿರದಲ್ಲೇ, 1959ರಲ್ಲಿ ಶುರುವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ. ಕ್ಷಯದ ಪೋಸ್ಟರ್ ಹೇಳುವುದು ಸರಳ: ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ. ಅದರಲ್ಲಿ ಗುಣನಡತೆಯ ಮಾತಿಲ್ಲ. ಹೆಂಗಸರಿಗಾಗಿ ಎಚ್‌ಐವಿ ಪೋಸ್ಟರನ್ನು ಅಷ್ಟೇ ನೇರವಾಗಿ ಬರೆಯಬೇಕೆಂದರೆ ನಾನು ಹೀಗೆ ಬರೆಯುತ್ತೇನೆ:

“ನಿಮ್ಮಲ್ಲಿ ತಪ್ಪಿಲ್ಲದಿದ್ದರೂ ಎಚ್‌ಐವಿ ಬರಬಹುದು. ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಐಸಿಟಿಸಿ ಎಂಬ ಬೋರ್ಡ್ ಇರುವ ಕೋಣೆಗೆ ಹೋಗಿ. ದುಡ್ಡು ಬೇಡ. ಗಂಡನ ಒಪ್ಪಿಗೆ ಬೇಡ. ನಿಮ್ಮ ಒಪ್ಪಿಗೆ ಸಾಕು. ಮನೆಯವರಿಗೆ ಹೇಳಿದರೆ ತೊಂದರೆಯಾಗುತ್ತದೆ ಎಂದಿದ್ದರೆ ಅದನ್ನು ಅಲ್ಲಿನ ಆಪ್ತ ಸಮಾಲೋಚಕರಿಗೆ ತಿಳಿಸಿ, ಅವರು ಹೇಳುವುದಿಲ್ಲ. ಸೋಂಕಿದ್ದರೆ ಮಾತ್ರೆ ಇದೆ, ಅದೂ ಉಚಿತ. ಮಾತ್ರೆ ತಪ್ಪದೆ ತೆಗೆದುಕೊಂಡವರು ಎಲ್ಲರ ಹಾಗೆ ದುಡಿದು ಬಾಳುತ್ತಿದ್ದಾರೆ. ಕೇಳುವುದಿದ್ದರೆ 1097.”

ಇದು ಕರಡು ಮಾತ್ರ. ಇದನ್ನು ಅಚ್ಚಿಗೆ ಕಳಿಸುವ ಮೊದಲು ಒಂದು ಕೆಲಸವಿದೆ. ಸಾಮಾನ್ಯವಾಗಿ ಪೋಸ್ಟರಿನ ಕರಡನ್ನು ನಾಲ್ಕು ಜನಕ್ಕೆ ತೋರಿಸಿ ಅರ್ಥವಾಯಿತೇ ಎಂದು ಕೇಳುತ್ತಾರೆ, ಎಲ್ಲರೂ ಹೂಂ ಎನ್ನುತ್ತಾರೆ. ಪೀಣ್ಯದ ಯಾವುದಾದರೊಂದು ಗಾರ್ಮೆಂಟ್ಸ್‌ನಲ್ಲಿ ಊಟದ ಬಿಡುವಿನ ಹೊತ್ತು ಹೋಗಿ, ಹೆಂಗಸರ ಕೈಗೆ ಕೊಟ್ಟು, ಬೇರೆ ಪ್ರಶ್ನೆ ಕೇಳಬೇಕು: ಇದನ್ನು ಓದಿದ ಮೇಲೆ ನಾಳೆ ಏನು ಮಾಡುತ್ತೀರಮ್ಮ? ಮನೆಯವರನ್ನು ಕೇಳಿ ನೋಡುತ್ತೇನೆ ಎಂದು ಯಾರಾದರೂ ಹೇಳಿದರೆ, ಆ ಹಾಳೆಯನ್ನು ಹಿಂದಕ್ಕೆ ತಂದು ಮತ್ತೆ ಬರೆಯಬೇಕು.